ಮೈಸೂರಿನ ಕಸಿನ್

ಜಕ್ಕೂರಿನ ಏರೋಡ್ರೋಮಿನಿಂದ ಬೆಳಗಿನ ಮೊದಲ ವಿಮಾನ ಮೇಲೆದ್ದ ಸದ್ದು ಕೇಳಿದ ಮೇಲೆಯೇ ನಮ್ಮ ಮನೆಯಲ್ಲಿ ಎರಡನೆಯ ಕಾಫಿ. ಅದು ಯಾರೂ ಕೂತು ಮಾಡಿದ ನಿಯಮವಲ್ಲ. ಅಲ್ಲಾಳಸಂದ್ರದ ಕೆರೆಗೆ ಬೆನ್ನು ಮಾಡಿ ನಿಂತಿದ್ದ ಆ ಬಾಡಿಗೆ ಮನೆಗೆ ನಾವು ಹೋದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನನ್ನ ಗಂಡ ವಿಮಾನಗಳ ಗ್ರೌಂಡ್ ಎಂಜಿನಿಯರ್. ಹುಡುಗರು ಹಾರಲು ಕಲಿಯುವ ಪುಟ್ಟ ವಿಮಾನಗಳನ್ನು ಬೆಳಕು ಹರಿಯುವ ಹೊತ್ತಿಗೆ ಹ್ಯಾಂಗರಿನಿಂದ ಹೊರಗೆ ತಳ್ಳಿಸಿ, ಎಂಜಿನ್ನಿನಿಂದ ಬಾಲದವರೆಗೆ ನೋಡಿ, ಇದು ಹಾರಬಹುದು ಎಂದು ಸಹಿ ಹಾಕುವುದು ಅವರ ಕೆಲಸ. ಆ ಸಹಿ ಬೀಳದೆ ವಿಮಾನ ಕದಲುವಂತಿಲ್ಲ. ಹಾಗಾಗಿ ಸದ್ದು ಕೇಳಿತೆಂದರೆ ಅವರ ಬೆಳಗಿನ ಕೆಲಸ ಸುಸೂತ್ರವಾಗಿ ಮುಗಿಯಿತು ಎಂದು ನಾನೂ ಅತ್ತೆಯೂ ತಿಳಿದುಕೊಳ್ಳುತ್ತಿದ್ದೆವು. ಅತ್ತೆ ತಲೆಯೆತ್ತಿ ಆಕಾಶವನ್ನು ನೋಡುತ್ತಲೂ ಇರಲಿಲ್ಲ. "ಹೋಯ್ತು. ಕಾಫಿ ಇಡು" ಎನ್ನುತ್ತಿದ್ದರು.

ಒಂದು ವರ್ಷ, ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ಮೇಲೆ, ಆ ಸದ್ದು ತಡವಾಗತೊಡಗಿತು. ಎಂಜಿನ್ ಶುರುವಾದದ್ದು ಕೇಳುತ್ತಿತ್ತು, ರನ್‌ವೇ ತುದಿಯವರೆಗೆ ಹೋದದ್ದು ಕೇಳುತ್ತಿತ್ತು, ಆಮೇಲೆ ಎಲ್ಲ ನಿಂತುಬಿಡುತ್ತಿತ್ತು. "ಮೋಡ ಇರ್ಬೇಕು" ಎಂದು ಅತ್ತೆ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಹಿತ್ತಲಲ್ಲಿ ಎಳೆಬಿಸಿಲು ಬಿದ್ದಿರುತ್ತಿತ್ತು.

ಮೋಡವಲ್ಲ ಎಂದು ನನಗೆ ಗೊತ್ತಿತ್ತು. ಮನೆಯಲ್ಲಿ ಅದು ಮುಂಚೆಯೇ ಶುರುವಾಗಿತ್ತು. ನಮಗೆ ಗ್ಯಾಸ್ ಬಂದ ಹೊಸತು. ನನ್ನ ಗಂಡ ಎದ್ದು ಹೋಗಿ ಸಿಲಿಂಡರ್ ಮುಚ್ಚಿದೆಯೇ ನೋಡಿ ಬರುವರು. ಬಂದು ಕೂತು ಮತ್ತೆ ಏಳುವರು. ಹೊರಗೆ ಹೊರಟರೆ ಬೀಗ. ಹಾಕುವರು, ಜಗ್ಗುವರು, ಗೇಟಿನವರೆಗೆ ಹೋಗಿ ಬಂದು ಮತ್ತೆ ಜಗ್ಗುವರು. ಜಗ್ಗಿ ಜಗ್ಗಿ ಬಾಗಿಲ ಕೊಂಡಿಯ ಮೊಳೆಗಳೇ ಸಡಿಲವಾದವು. ಸಡಿಲವಾದದ್ದು ಕಣ್ಣಿಗೆ ಬಿದ್ದು ಇನ್ನಷ್ಟು ಜಗ್ಗುವರು.

"ಬೀಗ ಬಿದ್ದಿದೆಯೇನೇ?" ಎಂದು ನನ್ನನ್ನು ಕೇಳುವರು, ತಾವೇ ಹಾಕಿ ಬಂದು.

"ಬಿದ್ದಿದೆ ರೀ. ನಾನೇ ನೋಡ್ದೆ."

"ಸರಿಯಾಗಿ ನೋಡ್ದ್ಯಾ?"

"ನೋಡ್ದೆ ಅಂದ್ನಲ್ಲ."

ಆಗ ಅವರ ಮುಖದ ಬಿಗಿ ಸ್ವಲ್ಪ ಇಳಿಯುತ್ತಿತ್ತು. ಅದು ಇಳಿಯುವುದನ್ನು ನೋಡುವುದು ನನಗೆ ಹಿತವಾಗಿತ್ತು. ಅವರು ಕೇಳುವುದು, ನಾನು ಹೇಳುವುದು. ಮದುವೆಯೆಂದರೆ ಬಹುಪಾಲು ಅದೇ ಅಲ್ಲವೇ?

ಹೀಗಾಗಲು ಕಾರಣವೇನು ಎಂದು ಆಮೇಲೆ ಬಹಳ ಹುಡುಕಿದ್ದೇನೆ. ಅಪಘಾತ ನಡೆದಿರಲಿಲ್ಲ. ಯಾರೂ ಸತ್ತಿರಲಿಲ್ಲ. ಬೈದವರೂ ಇರಲಿಲ್ಲ. ಕಾರಣ ಸಿಗಲೇ ಇಲ್ಲ. ಜ್ವರ ಬಂದಂತೆ ಬಂತು, ಅಷ್ಟೇ.

ಏರೋಡ್ರೋಮಿನಲ್ಲಿ ನಡೆಯುತ್ತಿದ್ದುದನ್ನು ನನಗೆ ಹೇಳಿದವರು ಅವರ ಜೊತೆಯ ಮೆಕ್ಯಾನಿಕ್. ಯಲಹಂಕದವರು, ನನ್ನ ಗಂಡನಿಗಿಂತ ವಯಸ್ಸಿನಲ್ಲಿ ದೊಡ್ಡವರು. ಆದರೂ ಇವರನ್ನೇ ಉಸ್ತಾದ್ ಎಂದು ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಸೈಕಲ್ ಗೇಟಿಗೆ ಒರಗಿಸಿ, ಒಳಗೆ ಬರದೆ, ವರಾಂಡದ ಕಂಬದ ಹತ್ತಿರವೇ ನಿಂತರು.

"ಭಾಭಿ, ಒಂದ್ ಮಾತು. ನಾನ್ ಹೇಳ್ದೆ ಅಂತ ಉಸ್ತಾದ್‌ಗೆ ಗೊತ್ತಾಗ್ಬಾರ್ದು."

"ಹೇಳಿ ಭಾಯ್."

"ಸೈನ್ ಹಾಕ್ತಾರೆ. ಜಹಾಜ್ ಹೊರಡತ್ತೆ. ಇವ್ರು ಹಿಂದೇನೇ ಓಡ್ತಾರೆ, ಕೈ ಬೀಸ್ಕೊಂಡು, ನಿಲ್ಸಿ ನಿಲ್ಸಿ ಅಂತ. ಎಂಜಿನ್ ಆಫ್ ಮಾಡ್ಸಿ, ಮುಚ್ಚಳ ಬಿಚ್ಸಿ, ವೈರ್ ನೋಡ್ತಾರೆ. ನಟ್ ಲೂಸ್ ಆಗ್ದೇ ಇರ್ಲಿ ಅಂತ ಸುತ್ತೋ ಸಣ್ಣ ವೈರ್. ಅವ್ರೇ ಸುತ್ತಿರೋದು, ಅವ್ರೇ ನೋಡಿರೋದು. ನಾನೂ ನೋಡಿರ್ತೀನಿ."

"ಸರಿ ಇರುತ್ತಾ?"

"ಯಾವಾಗ್ಲೂ ಸರಿ ಇರತ್ತೆ, ಅದೇ ತೋ ಕಷ್ಟ! ಒಂದ್ ಸಲಾನಾದ್ರೂ ತಪ್ಪಿದ್ರೆ ಅರ್ಥ ಆಗ್ತಿತ್ತು. ಹುಡುಗ್ರು ಈಗ ಏನಂತ ಕರೀತಾರೆ ಗೊತ್ತಾ ಭಾಭಿ? ವಾಪಸ್ ಸಾರ್ ಅಂತ."

ದೊಡ್ಡ ಸಾಹೇಬರು, ಅಂದರೆ ಅಲ್ಲಿನ ಮುಖ್ಯಸ್ಥರು, ಒಳ್ಳೆಯ ಮನುಷ್ಯರೇ. ಮಳೆಗಾಲ ಮುಗಿಯುವವರೆಗೆ ನೋಡುತ್ತೇನೆ ಎಂದಿದ್ದರಂತೆ. ಆಮೇಲೂ ಹೀಗೇ ಇದ್ದರೆ ಸ್ಟೋರ್ಸಿಗೆ ಹಾಕುವುದು, ಸಹಿ ಬೇರೆಯವರಿಂದ ಹಾಕಿಸುವುದು. ಸ್ಟೋರ್ಸ್ ಎಂದರೆ ಗೋದಾಮು. ಸಹಿ ಹಾಕದ ಗ್ರೌಂಡ್ ಎಂಜಿನಿಯರ್ ಎಂದರೆ ಹಾಡದ ಹಾಡುಗಾರ. ಲೈಸೆನ್ಸ್ ಇದ್ದೂ ಇಲ್ಲದಂತೆ. ತುಮಕೂರಿನ ಕಡೆಯ ಹಳ್ಳಿಯಿಂದ ಬಂದು, ಕನ್ನಡದಲ್ಲೇ ಓದಿ, ಆ ಇಂಗ್ಲಿಷ್ ಪರೀಕ್ಷೆಗಳನ್ನೆಲ್ಲ ಒಂದೊಂದಾಗಿ ಪಾಸು ಮಾಡಿದ ಮನುಷ್ಯ. ಆ ಲೈಸೆನ್ಸನ್ನು ದೇವರ ಪಟದ ಪಕ್ಕದ ಗೂಡಿನಲ್ಲಿ ಇಡುತ್ತಿದ್ದರು.

"ನಜರ್ ಆಗಿದೆ ಭಾಭಿ," ಎಂದರು ಭಾಯ್. "ಗುರುವಾರ ದರ್ಗಾಕ್ಕೆ ಕರ್ಕೊಂಡ್ ಹೋಗ್ತೀನಿ, ನೀವು ಹೂಂ ಅಂದ್ರೆ."

ಹೂಂ ಎಂದೆ. ಇಬ್ಬರೂ ಹೋಗಿಬಂದರು. ಅತ್ತೆ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಯಲಹಂಕದ ನಮ್ಮ ಡಾಕ್ಟರು ಕೆಂಪು ಟಾನಿಕ್ ಬರೆದುಕೊಟ್ಟು, "ಯೋಚನೆ ಮಾಡೋದು ಬಿಟ್ಬಿಡಿ ಸ್ವಾಮಿ" ಎಂದರು. ನನ್ನ ಗಂಡ ಟಾನಿಕ್ ಕುಡಿದು, ಬಾಟಲಿಯ ಮುಚ್ಚಳ ಸರಿಯಾಗಿ ಬಿಗಿದಿದೆಯೇ ಎಂದು ನೋಡತೊಡಗಿದರು.

ಇನ್ನು ಉಳಿದದ್ದು ಊರಿನ ಆ ತುದಿಯ ದೊಡ್ಡಾಸ್ಪತ್ರೆ. ಅದರ ಹೆಸರನ್ನು ನಮ್ಮ ಬೀದಿಯಲ್ಲಿ ಬೈಗುಳವಾಗಿ ಮಾತ್ರ ಬಳಸುತ್ತಿದ್ದರು. ನಾನು ಅದರ ಮಾತೆತ್ತಿದಾಗ ಅವರು ಕೂಗಾಡಲಿಲ್ಲ, ಬಹಳ ಮೆಲ್ಲಗೆ ಹೇಳಿದರು: "ಅಲ್ಲಿ ಒಂದು ಚೀಟಿ ಮಾಡಿಸಿದ್ರೆ ಮುಗೀತು ಕಣೇ. ತಲೆ ಕೆಟ್ಟವನು ಸಹಿ ಹಾಕಿದ ವಿಮಾನದಲ್ಲಿ ಯಾರು ಕೂರ್ತಾರೆ? ನಾನೇ ಕೂರಲ್ಲ." ನಿಜವಾಗಿಯೂ ಹಾಗೆ ಆಗುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಗುತ್ತದೆ ಎಂದು ಅವರು ನಂಬಿದ್ದರು.

ನಾನು ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನಮಗೆ ಕಸೂತಿ, ಸುಳ್ಳು ಹೇಳಬಾರದೆಂಬ ಪಾಠ, ಅಳು ಬಂದರೆ ಎಕ್ಸ್‌ಕ್ಯೂಸ್ ಮಿ ಹೇಳಿ ಹೊರಗೆ ಹೋಗುವುದು, ಇಷ್ಟನ್ನು ಚೆನ್ನಾಗಿ ಕಲಿಸಿದ್ದರು. ಕೌನ್ಸೆಲರ್ ಎಂಬ ಮಾತನ್ನು ಇಂಗ್ಲಿಷ್ ಮ್ಯಾಗಜೀನುಗಳ ಪ್ರಶ್ನೋತ್ತರದ ಪುಟದಲ್ಲಿ ಓದಿದ್ದೆ. ಅಂಥವರು ಫಾರಿನ್ನಿನಲ್ಲಿ ಇರುತ್ತಾರೆ, ಹೆಬ್ಬಾಳದ ಈಚೆಗೆ ಇರುವುದಿಲ್ಲ ಎಂದುಕೊಂಡಿದ್ದೆ. ಆದರೂ ಒಂದು ದಿನ ನಾನು ಪಾಠ ಹೇಳುತ್ತಿದ್ದ ಯಲಹಂಕದ ಶಾಲೆಗೆ ಅರ್ಧ ದಿನ ರಜೆ ಹಾಕಿ, ಬಸ್ಸು ಹಿಡಿದು, ನನ್ನ ಹಳೆಯ ಕಾನ್ವೆಂಟಿಗೆ ಹೋದೆ. ನಮಗೆ ಲಿಟರೇಚರ್ ಕಲಿಸಿದ ಸಿಸ್ಟರ್ ಇನ್ನೂ ಇದ್ದರು. ಕಿವಿ ಸ್ವಲ್ಪ ಮಂದವಾಗಿತ್ತು, ಕಣ್ಣು ಮೊದಲಿನಷ್ಟೇ ಚುರುಕು. ಪಾರ್ಲರಿನಲ್ಲಿ ಕೂರಿಸಿ, ಬೆರಳ ತುದಿಯಲ್ಲಿ ಬಿಸ್ಕತ್ತಿನ ತಟ್ಟೆ ನನ್ನ ಕಡೆಗೆ ಸರಿಸಿದರು.

"ಯಾರಿಗೋಸ್ಕರ, ಚೈಲ್ಡ್?"

"ಕಸಿನ್, ಸಿಸ್ಟರ್," ಎಂದುಬಿಟ್ಟೆ. "ಮೈಸೂರಿನವನು."

ಬಾಯಿಗೆ ಹೇಗೆ ಬಂತೋ ಬಂತು. ಆ ಕಾಲದಲ್ಲಿ ಎಲ್ಲರೂ ಹೀಗೇ ಕೇಳುತ್ತಿದ್ದರು. ನಮ್ಮ ಪಕ್ಕದ ಮನೆಯವರಿಗೆ, ನನ್ನ ಗೆಳತಿಯ ತಮ್ಮನಿಗೆ, ನಮ್ಮೂರಿನ ಒಬ್ಬರಿಗೆ. ಯಾರ ಮನೆಯಲ್ಲೂ ಯಾರಿಗೂ ಏನೂ ಆಗಿರುತ್ತಿರಲಿಲ್ಲ. ಕಸಿನ್ ಎಂಬ ಇಂಗ್ಲಿಷ್ ಮಾತು ಇಂಥದಕ್ಕೆ ಹೇಳಿ ಮಾಡಿಸಿದ್ದು. ಚಿಕ್ಕಪ್ಪನ ಮಗನೋ ಸೋದರಮಾವನ ಮಗನೋ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಅಷ್ಟು ಸಡಿಲವಾದ ನೆಂಟನೇ ಇಲ್ಲ. ಸಿಸ್ಟರ್ ಮುಂದಕ್ಕೆ ಕೇಳಿದಾಗ ಅವನಿಗೊಂದು ಕೆಲಸವನ್ನೂ ಕೊಟ್ಟೆ. ಬ್ಯಾಂಕಿನಲ್ಲಿದ್ದಾನೆ, ಸ್ಟ್ರಾಂಗ್‌ರೂಮಿಗೆ ಬೀಗ ಹಾಕುವುದು ಅವನ ಜವಾಬ್ದಾರಿ, ಹಾಕಿದ ಮೇಲೆ ಮನೆಗೆ ಹೋಗಲಾರ.

ಸಿಸ್ಟರ್ ಒಬ್ಬರ ವಿಳಾಸ ಹೇಳಿದರು. ಅದೇ ಕಾನ್ವೆಂಟಿನ ಹುಡುಗಿ, ನನಗಿಂತ ಎಷ್ಟೋ ವರ್ಷ ಚಿಕ್ಕವಳು. ದೊಡ್ಡಾಸ್ಪತ್ರೆಯಲ್ಲಿ ತರಬೇತಾಗಿ ಕೆಲಸ ಮಾಡಿದವಳು, ಮಗುವಾದ ಮೇಲೆ ಬಿಟ್ಟವಳು. ಆರ್.ಟಿ. ನಗರದಲ್ಲಿ ತನ್ನ ಮನೆಯ ಮಹಡಿಯಲ್ಲೇ ಜನರನ್ನು ನೋಡುತ್ತಾಳೆ, ಹೊರಗೆ ಬೋರ್ಡ್ ಇಲ್ಲ. "ಐ ಶಲ್ ಪ್ರೇ ಫಾರ್ ಯುವರ್ ಕಸಿನ್" ಎಂದು ಸಿಸ್ಟರ್ ಗೇಟಿನವರೆಗೆ ಬಂದರು. ಅವರ ಪ್ರಾರ್ಥನೆ ಮೈಸೂರಿಗೆ ಹೋಗಿ ವಿಳಾಸ ಸಿಗದೆ ಅಲೆಯುವುದನ್ನು ಬಸ್ಸಿನಲ್ಲಿ ಕಲ್ಪಿಸಿಕೊಂಡೆ.

ಮೊದಲು ನಾನೊಬ್ಬಳೇ ಹೋದೆ. ಹೊರಗಿನಿಂದಲೇ ಮೆಟ್ಟಿಲು, ಮೇಲೆ ಒಂದು ಕೋಣೆ, ಪ್ಲಾಸ್ಟಿಕ್ ವೈರಿನಿಂದ ಹೆಣೆದ ಕುರ್ಚಿಗಳು, ಮೂಲೆಯಲ್ಲಿ ಮಗುವಿನ ಮೂರು ಚಕ್ರದ ಸೈಕಲ್ಲು. ಆಕೆ ಸಾದಾ ಕಾಟನ್ ಸೀರೆಯ ಸಣ್ಣ ಹೆಂಗಸು. ನನ್ನ ಕಸಿನ್ನಿನ ಕಥೆಯನ್ನು ತಲೆಯಾಡಿಸದೆ, ಅಯ್ಯೋ ಎನ್ನದೆ ಕೇಳಿದರು.

"ಅವರು ಮೈಸೂರಿಂದ ಪ್ರತಿ ವಾರ ಬರೋಕಾಗುತ್ತಾ?"

"ಅದು ಕಷ್ಟ ಮೇಡಂ. ಅವರ ಬದಲು ನಮ್ಮ ಯಜಮಾನ್ರು ಬಂದ್ರೆ ಆಗುತ್ತಾ? ಅವರಿಗೆ ಎಲ್ಲಾ ಗೊತ್ತು."

ಆಕೆ ನನ್ನನ್ನು ಒಂದು ಕ್ಷಣ ನೋಡಿದರು. "ಆಗುತ್ತೆ. ಚೆನ್ನಾಗಿ ಗೊತ್ತಿರೋರು ಬಂದ್ರೆ ಸಾಕು" ಎಂದರು.

ಮನೆಗೆ ಬಂದಾಗ ನನ್ನ ಗಂಡ ವರಾಂಡದಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು.

"ಶನಿವಾರ ಆರ್.ಟಿ. ನಗರಕ್ಕೆ ಹೋಗ್ಬೇಕು ರೀ. ನಿಮ್ಮನ್ನ ತೋರಿಸೋಕಲ್ಲ. ನಮ್ಮ ಮೈಸೂರಿನ ಕಸಿನ್ ವಿಷಯ ಮಾತಾಡೋಕೆ."

"ಯಾವ ಕಸಿನ್ನೇ?"

"ಇದಾನೆ ಒಬ್ಬ. ಬ್ಯಾಂಕಲ್ಲಿದಾನೆ. ಸ್ಟ್ರಾಂಗ್‌ರೂಮ್ ಬೀಗ ಹಾಕಿ ಮನೆಗೆ ಬರೋಕಾಗಲ್ಲ ಅವನಿಗೆ. ಮತ್ತೆ ಮತ್ತೆ ಹೋಗಿ ನೋಡ್ತಾನೆ."

ಬ್ರಷ್ ನಿಂತಿತು. ಅವರು ಬೂಟಿನ ಮೂತಿಯನ್ನೇ ನೋಡುತ್ತಿದ್ದರು.

"ಮದುವೆ ಆಗಿದೆಯಾ ಅವನಿಗೆ?"

"ಆಗಿದೆ."

"ಹೆಂಡ್ತಿ ಏನಂತಾಳೆ?"

"ಏನನ್ನೋದು ಅಂತ ಅವಳಿಗೂ ಗೊತ್ತಾಗ್ತಿಲ್ಲ."

"ಪಾಪ" ಎಂದರು. ಬ್ರಷ್ ಮತ್ತೆ ಆಡತೊಡಗಿತು. ಸ್ವಲ್ಪ ಹೊತ್ತಾದ ಮೇಲೆ, "ಶನಿವಾರ ಮಧ್ಯಾಹ್ನ ನನಗೆ ಕೆಲಸ ಇರಲ್ಲ" ಎಂದರು.

ಅತ್ತೆಗೆ, ಆರ್.ಟಿ. ನಗರದ ಕಡೆ ಸೈಟು ನೋಡಲು ಹೋಗುತ್ತಿದ್ದೇವೆ ಎಂದೆವು. ಆ ದಿನಗಳಲ್ಲಿ ನಮ್ಮ ಕಡೆ ಎಲ್ಲರೂ ಸೈಟು ನೋಡುವವರೇ. ಅತ್ತೆ ಬಹಳ ಸಂತೋಷಪಟ್ಟು, "ಪೂರ್ವದ ಬಾಗಿಲು ಬರ್ಬೇಕು, ಮೂಲೆ ಸೈಟು ಬೇಡ" ಎಂದು ಹೇಳಿಕಳಿಸಿದರು.

ಮೊದಲ ಶನಿವಾರ ಹೆಬ್ಬಾಳದ ಕೆರೆಯವರೆಗೆ ಹೋಗಿ ಸ್ಕೂಟರ್ ನಿಂತಿತು. ಆಚೀಚೆ ದ್ರಾಕ್ಷಿ ಚಪ್ಪರಗಳು, ರಸ್ತೆಯಲ್ಲಿ ಒಂದು ಎತ್ತಿನ ಗಾಡಿ. "ಬೀಗ" ಎಂದರು. ಮನೆಯಲ್ಲಿ ಅತ್ತೆ ಇದ್ದರು. ಬೀಗವನ್ನೇ ಹಾಕಿರಲಿಲ್ಲ. ಅಷ್ಟು ಹೇಳಿದರೂ ತಿರುಗಿಸಿಕೊಂಡು ಹೋಗಿ, ಗೇಟಿನ ಹೊರಗಿನಿಂದಲೇ ಬಾಗಿಲನ್ನೂ ಬಾಗಿಲಲ್ಲಿ ಕೂತ ಅತ್ತೆಯನ್ನೂ ನೋಡಿ, ಏನೂ ಹೇಳದೆ ಮತ್ತೆ ಹೊರಟೆವು. "ಏನು ಮರೆತ್ರೋ?" ಎಂದು ಅತ್ತೆ ಕೂಗಿದ್ದು ಸ್ಕೂಟರಿನ ಸದ್ದಿನಲ್ಲಿ ಮುಳುಗಿತು.

ಪರಗಂಡಸಿನ ಜೊತೆ ಬಾಗಿಲು ಹಾಕಿಕೊಂಡು ಮಾತಾಡುವಂತಿರಲಿಲ್ಲ. ಕೆಳಗೆ ಆಕೆಯ ಅತ್ತೆ-ಮಾವ, ಎದುರಿಗೆ ಬೀದಿ. ಹಾಗಾಗಿ ಆ ಕೋಣೆಯ ಬಾಗಿಲು ಯಾವಾಗಲೂ ತೆರೆದಿರುತ್ತಿತ್ತು. ಹೊರಗಿನ ಮೊಗಸಾಲೆಯಲ್ಲಿ ನಾನು ಎಲ್ಲರಿಗೂ ಕಾಣುವಂತೆ ಕೂರಬೇಕಿತ್ತು. ಆದ್ದರಿಂದ ಒಳಗಿನ ಮಾತು ನನಗೆ ಕೇಳಿಸಿತು. ಕೇಳಿಸಿಕೊಳ್ಳುತ್ತೇನೆಂದು ಆಕೆಗೂ ಗೊತ್ತಿತ್ತು.

"ಬೀಗ ಹಾಕಿರೋದು ಅವನಿಗೆ ಗೊತ್ತಿರಲ್ವಾ?" ಎಂದು ಕೇಳಿದರು ಆಕೆ.

"ಗೊತ್ತಿರತ್ತೆ ಮೇಡಂ. ಕೈಗೆ ಗೊತ್ತಿರತ್ತೆ, ಕಣ್ಣಿಗೂ ಗೊತ್ತಿರತ್ತೆ. ಆದ್ರೆ ಆ ಕಡೆ ತಿರುಗಿದ ತಕ್ಷಣ ಅಳಿಸಿಹೋಗತ್ತೆ."

"ನೋಡದೇ ಇದ್ರೆ ಏನಾಗುತ್ತೆ ಅನ್ಸುತ್ತೆ ಅವನಿಗೆ?"

"ಯಾರೋ ಸಾಯ್ತಾರೆ ಅನ್ಸತ್ತೆ. ಸಣ್ಣ ಹುಡುಗ್ರು."

"ಬ್ಯಾಂಕಲ್ಲಿ?"

ಕೆಳಗೆ ರಸ್ತೆಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

"ಬ್ಯಾಂಕಲ್ಲೇ" ಎಂದರು ನನ್ನ ಗಂಡ.

"ಸರಿ" ಎಂದರು ಆಕೆ, ಅದೇ ದನಿಯಲ್ಲಿ. ನನ್ನ ಗಂಡನ ಉಗುರುಗಳ ಸಂದಿಯ ಕಪ್ಪು ಗ್ರೀಸು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಕೈಗಳು ಬ್ಯಾಂಕಿನವಲ್ಲ ಎಂದು ಆಕೆಗೆ ಮೊದಲ ದಿನವೇ ಕಂಡಿರಬೇಕು.

ಹೀಗೆ ಶನಿವಾರಗಳು ಕಳೆದವು. ನನ್ನ ಗಂಡ ತಮ್ಮ ಬಗ್ಗೆ ನನ್ನ ಹತ್ತಿರ ಎಂದೂ ಹೇಳದ್ದನ್ನೆಲ್ಲ ಆ ಮೈಸೂರಿನವನ ಬಗ್ಗೆ ಹೇಳಿದರು. ಅವನು ಹುಡುಗನಾಗಿದ್ದಾಗ ದನದ ಕೊಟ್ಟಿಗೆಯ ಅಗಳಿ ಹಾಕಿದೆಯೇ ನೋಡಲು ರಾತ್ರಿ ಎದ್ದೆದ್ದು ಹೋಗುತ್ತಿದ್ದದ್ದು. ಅವನಿಗೆ ಈಗ ತನ್ನ ಸಹಿಯನ್ನೇ ನೋಡಿದರೆ ಹೆದರಿಕೆಯಾಗುವುದು. ಮೊಗಸಾಲೆಯಲ್ಲಿ ಕೂತು ನಾನು ನನ್ನ ಕಸಿನ್ನಿನ ಪರಿಚಯ ಮಾಡಿಕೊಂಡೆ. ಒಳ್ಳೆಯವನು. ನನಗೆ ಅವನು ಅಷ್ಟು ಗೊತ್ತಿರಲಿಲ್ಲ.

ಒಂದು ಶನಿವಾರ ಆಕೆ ಬ್ಯಾಂಕಿನ ನಿಯಮ ಕೇಳಿದರು.

"ರೂಲ್ ಪ್ರಕಾರ ಎಷ್ಟು ಸಲ ನೋಡ್ಬೇಕು?"

"ಒಂದು ಸಲ. ಪೂರ್ತಿಯಾಗಿ. ತುಂಬ ಮುಖ್ಯವಾದ್ದನ್ನ ಇನ್ನೊಬ್ಬರು ಬಂದು ನೋಡ್ಬೇಕು. ಎರಡನೇ ಕಣ್ಣು ಅಂತ."

"ಆ ಇನ್ನೊಬ್ಬರು ಸರಿಯಾಗಿ ನೋಡ್ತಾರಾ?"

"ಅವರಷ್ಟು ಚೆನ್ನಾಗಿ ಯಾರೂ ನೋಡಲ್ಲ."

"ಹಾಗಾದ್ರೆ ಅವನಿಗೆ ಹೇಳಿ. ರೂಲ್ ಎಷ್ಟು ಹೇಳುತ್ತೋ ಅಷ್ಟನ್ನು ಪೂರ್ತಿ ಮಾಡ್ಬೇಕು. ಅದಕ್ಕಿಂತ ಒಂದು ಸಲ ಕಮ್ಮಿ ಇಲ್ಲ, ಒಂದು ಸಲ ಜಾಸ್ತಿ ಇಲ್ಲ. ಹೆದರಿಕೆ ಬರುತ್ತೆ. ಬರ್ಲಿ. ಹೆದರ್ಕೊಂಡೇ ನಿಂತಿರ್ಲಿ. ಅದು ತಾನಾಗಿ ಇಳಿಯುತ್ತೆ. ಹೋಗಿ ನೋಡಿದ್ರೆ ಮಾತ್ರ ಇಳಿಯಲ್ಲ."

ಆಮೇಲೆ ದನಿಯನ್ನು ಸ್ವಲ್ಪ ಎತ್ತರಿಸಿ, ಮೊಗಸಾಲೆಗೆ ಕೇಳುವಂತೆ, "ಅವನು ಮನೇಲಿ ಯಾರನ್ನ ಕೇಳ್ತಾನೆ?" ಎಂದರು.

"ಹೆಂಡ್ತೀನ."

"ಅವಳು ಹೇಳ್ತಾಳಾ?"

"ಪ್ರತಿ ಸಲ ಹೇಳ್ತಾಳೆ ಮೇಡಂ. ಒಂದು ದಿನಾನೂ ಬೇಜಾರು ಮಾಡ್ಕೊಂಡಿಲ್ಲ."

"ಹೇಳಿದ ಮೇಲೆ ಸಮಾಧಾನ?"

"ಸ್ವಲ್ಪ ಹೊತ್ತು. ಆಮೇಲೆ ಮತ್ತೆ ಕೇಳ್ತಾನೆ."

"ಇನ್ಮೇಲೆ ಅವಳು ಹೇಳ್ಬಾರ್ದು. ಬೀಗ, ಗ್ಯಾಸು, ಏನೇ ಕೇಳ್ಲಿ, ಉತ್ತರ ಕೊಡ್ಬಾರ್ದು. ಬೈಯ್ಯೋದೂ ಬೇಡ. ಅವಳು ಹೇಳಿದಷ್ಟು ಸಲ ಅವನ ಹೆದರಿಕೆಗೆ ಊಟ ಹಾಕಿದ ಹಾಗೆ."

ನಾನು ಎದ್ದು ಬಾಗಿಲಿಗೆ ಬಂದೆ. "ಅವರಿಗೆ ಸಿಟ್ಟು ಬಂದ್ರೆ?" ಎಂದೆ.

"ಬರುತ್ತೆ" ಎಂದರು ಆಕೆ. "ಮೈಸೂರಿನವರಿಗೆ ಹೇಳಿ, ಸಿಟ್ಟು ಬರುತ್ತೆ ಅಂತ."

ಅಂದು ಸಂಜೆ ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. "ಗ್ಯಾಸ್ ಆಫ್ ಮಾಡಿದ್ಯೇನೇ?" ಎಂದರು. ನಾನು ಹೆಚ್ಚುತ್ತಲೇ ಇದ್ದೆ. ಮತ್ತೆ ಕೇಳಿದರು. ಮೂರನೆಯ ಸಲ, "ಕಿವಿ ಕೇಳಲ್ವಾ ನಿನಗೆ?" ಎಂದರು. ಹತ್ತಿರ ಬಂದು ನಿಂತರು. ಅವರಿಗೂ ಆಕೆ ಹೇಳಿದ್ದು ಗೊತ್ತು, ನಾನು ಸುಮ್ಮನಿರುವುದು ಯಾಕೆಂದೂ ಗೊತ್ತು. ಗೊತ್ತಿದ್ದೂ ಅವರ ಹಣೆ ಬೆವರುತ್ತಿತ್ತು. ಒಂದೇ ಒಂದು ಹೂಂ ಸಾಕಾಗಿತ್ತು. ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ.

"ಮಾಡಿದಾಳೆ ಕಣೋ! ನಾನೇ ನೋಡಿದೀನಿ, ಹೋಗಿ ಕೂತ್ಕೋ!" ಎಂದರು ಅತ್ತೆ, ದೇವರ ಕೋಣೆಯಿಂದ.

ಅವರ ಮುಖದ ಬಿಗಿ ಇಳಿಯಿತು. ಹೋಗಿ ಕೂತರು. ಮುಗಿಯಿತು.

ಇದನ್ನು ಆರ್.ಟಿ. ನಗರದ ಆಕೆಯೂ ಯೋಚಿಸಿರಲಿಲ್ಲ. ನಾನು ಸುಮ್ಮನಿದ್ದಷ್ಟೂ ಅತ್ತೆ ಉತ್ತರ ಹೇಳುವರು. ಕೇಳುವುದಕ್ಕೆ ಮುಂಚೆಯೇ ಹೇಳುವರು. ಸೊಸೆಗೆ ಏನೋ ಮುನಿಸು, ಮಗನ ಮಾತಿಗೆ ಬೆಲೆ ಇಲ್ಲ ಎಂದು ಅವರ ಲೆಕ್ಕ. "ಗಂಡ ಕೇಳಿದ್ರೆ ಬಾಯಿಬಿಟ್ಟು ಒಂದು ಮಾತು ಹೇಳೋಕೇನು ರೋಗ? ಕಾನ್ವೆಂಟಿನಲ್ಲಿ ಇದನ್ನೇ ಕಲಿಸೋದು" ಎಂದು ಹೂ ಕಟ್ಟುತ್ತಾ ದೇವರಿಗೆ ಹೇಳಿದರು. ಮಳೆಗಾಲ ಅರ್ಧ ಕಳೆದಿತ್ತು. ಬೆಳಗಿನ ಸದ್ದು ಇನ್ನೂ ತಡವಾಗಿಯೇ ಬರುತ್ತಿತ್ತು.

ಅತ್ತೆಗೆ ನಿಜ ಹೇಳುವುದು ಸಾಧ್ಯವಿರಲಿಲ್ಲ. ಅಮ್ಮನಿಗೆ ತಿಳಿಯಬಾರದು ಎಂಬುದೊಂದೇ ಮಾತನ್ನು ನನ್ನ ಗಂಡ ನನ್ನಿಂದ ತೆಗೆದುಕೊಂಡಿದ್ದರು. ಹಾಗಾಗಿ ಒಂದು ಮಧ್ಯಾಹ್ನ, ಹಿತ್ತಲ ಕಟ್ಟೆಯ ಮೇಲೆ ಅತ್ತೆ ಅಕ್ಕಿ ಆರಿಸುತ್ತಿದ್ದಾಗ, ಪಕ್ಕದಲ್ಲಿ ಕೂತು ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ.

"ಅತ್ತೆ, ಮೈಸೂರಲ್ಲಿ ನನ್ನ ಕಸಿನ್ ಒಬ್ಬ ಇದಾನೆ."

"ಕಸಿನ್ ಅಂದ್ರೆ? ಚಿಕ್ಕಪ್ಪನ ಮಗನೋ, ಅತ್ತೆ ಮಗನೋ?"

"ದೂರದ ಸಂಬಂಧ."

ಅತ್ತೆಯ ಕೈ ಮೊರದ ಮೇಲೆ ನಿಂತಿತು. ನಮ್ಮ ಮದುವೆಯ ಮಾತಿನ ಹೊತ್ತಿಗೆ ನನ್ನ ಕಡೆಯ ಬಂಧುಬಳಗವನ್ನೆಲ್ಲ 'ಯಾರು, ಎಲ್ಲಿ, ಏನು' ಎಂದು ವಿಚಾರಿಸಿ ಬಾಯಿಪಾಠ ಮಾಡಿಕೊಂಡಿದ್ದವರು ಅವರು. ಮೈಸೂರಿನಲ್ಲಿ ನನಗೆ ಯಾರೂ ಇಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲರು.

"ಹೂಂ. ಏನಾಗಿದೆ ಅವನಿಗೆ?"

ಹೇಳಿದೆ. ಬ್ಯಾಂಕು, ಬೀಗ, ಮತ್ತೆ ಮತ್ತೆ ಹೋಗಿ ನೋಡುವುದು. ಮಳೆಗಾಲ ಮುಗಿಯುವುದರೊಳಗೆ ಸರಿಹೋಗದಿದ್ದರೆ ಕೆಲಸ ಹೋಗುತ್ತದೆ ಎಂದೆ. ಔಷಧಿಯಿಲ್ಲ, ಮನೆಯವರು ಅವನ ಪ್ರಶ್ನೆಗೆ ಉತ್ತರ ಕೊಡಬಾರದು, ಅದೇ ಔಷಧಿ ಎಂದು ಒಬ್ಬರು ಹೇಳಿದ್ದಾರೆ ಎಂದೆ. ಅತ್ತೆ ಕಲ್ಲು ಹುಡುಕುತ್ತಲೇ ಕೇಳಿಸಿಕೊಂಡರು.

"ಅವನಿಗೆ ತಾಯಿ ಇದಾಳಾ?"

"ಇದಾರೆ."

"ಜೊತೇಲೇ?"

"ಜೊತೇಲೇ."

"ಅವಳೂ ಹೇಳ್ಬಾರ್ದಂತಾ?"

"ಅವರೂ ಹೇಳ್ಬಾರ್ದಂತೆ ಅತ್ತೆ."

ಮೊರವನ್ನು ಒಮ್ಮೆ ಕೊಡವಿದರು. ಹೊಟ್ಟು ಹಾರಿ ನನ್ನ ಸೀರೆಯ ಮೇಲೆ ಬಿತ್ತು. "ಕಷ್ಟ" ಎಂದರು. ಎದ್ದು ಅಕ್ಕಿಯನ್ನು ಒಳಗೆ ತೆಗೆದುಕೊಂಡು ಹೋದರು.

ಅವತ್ತಿನಿಂದ ಅವರು ಉತ್ತರ ಹೇಳಲಿಲ್ಲ. ಮಗ "ಗ್ಯಾಸ್..." ಎಂದು ಬಾಯಿ ತೆರೆದರೆ ಸಾಕು, ಬಿಂದಿಗೆ ಹಿಡಿದು ಹಿತ್ತಲಿಗೆ ನಡೆಯುವರು; ನೀರಿದ್ದರೂ ಇಲ್ಲದಿದ್ದರೂ. ಮಳೆ ಬರುತ್ತಿದ್ದರೆ ದೇವರ ಕೋಣೆಗೆ ಹೋಗಿ ಗಂಟೆ ಬಾರಿಸುವರು. ಹೊತ್ತಲ್ಲದ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಮಂಗಳಾರತಿಯಾಗುವುದನ್ನು ಕೇಳಿ ಓನರ್ ಹೆಂಗಸು ನನ್ನನ್ನು, "ಏನ್ರೀ, ನಿಮ್ಮತ್ತೆಗೆ ಭಕ್ತಿ ಜಾಸ್ತಿಯಾಗಿದೆ?" ಎಂದು ಕೇಳಿದರು. ಸೈಟು ಸಿಕ್ಕಿತೇ ಎಂದು ಅತ್ತೆ ಮತ್ತೆ ಕೇಳಲಿಲ್ಲ. ಶನಿವಾರ ನಾವು ಹೊರಡುವ ಹೊತ್ತಿಗೆ ಮಾತ್ರ, ಕೇಳದಿದ್ದರೂ, "ಹೋಗ್ಬನ್ನಿ, ನಾನು ಬಾಗಿಲಲ್ಲಿ ಇರಲ್ಲ, ಒಳಗೆ ಮಲಗಿರ್ತೀನಿ" ಎನ್ನುತ್ತಿದ್ದರು.

ನನ್ನ ಗಂಡ ಸಿಡುಕಿದರು, ತಟ್ಟೆ ದೂಡಿದರು, ಒಂದೆರಡು ದಿನ ನನ್ನ ಜೊತೆ ಮಾತು ಬಿಟ್ಟರು. ಒಂದು ಸಂಜೆ ವರಾಂಡದಲ್ಲಿ ಕೈ ಕಟ್ಟಿಕೊಂಡು ನಿಂತು ಕೆರೆಯ ಕಡೆ ನೋಡುತ್ತಿದ್ದರು. ಗ್ಯಾಸಿನ ಬಗ್ಗೆ ಹೆದರಿಕೊಂಡೇ ನಿಂತಿದ್ದಾರೆಂದು ಬೆನ್ನು ನೋಡಿದರೇ ತಿಳಿಯುತ್ತಿತ್ತು. ಒಳಗೆ ಹೋಗಲಿಲ್ಲ. ಕತ್ತಲಾದ ಮೇಲೆ, "ಇಳೀತು" ಎಂದರು. ಯಾರಿಗೂ ಹೇಳಿದ್ದಲ್ಲ.

ಅದರ ಮುಂದಿನ ಶನಿವಾರ ಸ್ಕೂಟರ್ ಹೆಬ್ಬಾಳದ ಕೆರೆಯ ಹತ್ತಿರ ನಿಧಾನವಾಯಿತು. ನಾನು ಉಸಿರು ಹಿಡಿದೆ. ಆಮೇಲೆ ಗೇರ್ ಬದಲಾಯಿಸಿ ಮುಂದೆ ಹೋಯಿತು.

ಕೆಲಸದ ಜಾಗಕ್ಕೆ ಆಕೆ ಕೊಟ್ಟ ಅಭ್ಯಾಸ ಇಷ್ಟು. ನಿಯಮದಂತೆ ಪೂರ್ತಿ ನೋಡುವುದು, ಭಾಯ್ ಎರಡನೇ ಕಣ್ಣಾಗಿ ನೋಡುವುದು, ಸಹಿ ಹಾಕುವುದು, ಆಮೇಲೆ ಹ್ಯಾಂಗರಿನ ಆಚೆಯ ಮರದ ಕೆಳಗೆ ಹೋಗಿ ಬೆನ್ನು ತಿರುಗಿಸಿ ಟೀ ಕುಡಿಯುವುದು. ಮೈಸೂರಿನ ಬ್ಯಾಂಕಿನ ಹಿಂದೆ ಮರವಿದೆಯೇ ಎಂದು ಆಕೆ ಒಂಚೂರೂ ನಗದೆ ಕೇಳಿದ್ದರು. ಇದೆ ಎಂದಿದ್ದರು ಇವರು.

ಗೌರಿ ಹಬ್ಬಕ್ಕೆ ಮನೆ ಸಾರಿಸುತ್ತಿದ್ದ ಒಂದು ಬೆಳಿಗ್ಗೆ. ನಾನು ಅಡುಗೆಮನೆಯಲ್ಲಿದ್ದೆ, ಅತ್ತೆ ಹೊಸ್ತಿಲಿಗೆ ಅರಿಶಿನ ಬಳಿಯುತ್ತಿದ್ದರು. ಎಂಜಿನ್ ಶುರುವಾಯಿತು. ಇಬ್ಬರೂ ಮಾತು ನಿಲ್ಲಿಸಿದೆವು. ಸದ್ದು ರನ್‌ವೇಯ ತುದಿಯ ಕಡೆಗೆ ಹೋಯಿತು, ಅಲ್ಲಿ ಸಣ್ಣದಾಯಿತು. ಇಲ್ಲಿಯೇ ಅದು ಯಾವಾಗಲೂ ನಿಲ್ಲುತ್ತಿದ್ದುದು. ಅತ್ತೆಯ ಅರಿಶಿನದ ಬೆರಳು ಹೊಸ್ತಿಲಿನ ಮೇಲೆ ಹಾಗೇ ಇತ್ತು. ಸದ್ದು ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ನೆಲ ಬಿಟ್ಟು ಮೇಲೆದ್ದು ನಮ್ಮ ಮಾಡಿನ ಮೇಲೆ ಹಾದು ಕೆರೆಯ ಕಡೆಗೆ ಹೋಯಿತು. ನಾವು ಆಮೇಲೂ ಸ್ವಲ್ಪ ಹೊತ್ತು ಕಾದೆವು, ವಾಪಸ್ ಕರೆಸುತ್ತಾರೇನೋ ಎಂದು. ಅದು ಆಕಾಶದಲ್ಲಿ ಸುತ್ತುತ್ತಲೇ ಇತ್ತು.

ಅತ್ತೆ ಎದ್ದು ನಿಂತು, ಮೊದಲ ಸಲ, ತಲೆಯೆತ್ತಿ ನೋಡಿದರು.

"ಹೋಯ್ತು" ಎಂದರು. ಆಮೇಲೆ, "ಕಾಫಿ ಇಡು."

ಅವರ ಕೆಲಸ ಉಳಿಯಿತು. ಅದು ಪೂರ್ತಿ ವಾಸಿಯಾಯಿತೆಂದಲ್ಲ. ಎಂಬತ್ತರ ದಶಕದಲ್ಲೂ ಒಂದೊಂದು ಮಳೆಗಾಲ ಆ ಮೈಸೂರಿನವನು ಬಂದು ನಮ್ಮ ಮನೆಯಲ್ಲಿ ಕೆಲವು ವಾರ ಉಳಿದು ಹೋಗುತ್ತಿದ್ದ. ಆದರೆ ಅವನು ಬಂದರೆ ಏನು ಮಾಡಬೇಕೆಂದು ಮನೆಯವರಿಗೆಲ್ಲ ಗೊತ್ತಿತ್ತು. ಆರ್.ಟಿ. ನಗರದ ಆಕೆ ಗಂಡನಿಗೆ ವರ್ಗವಾಗಿ ಬೇರೆ ಊರಿಗೆ ಹೋದರು. ಕೊನೆಯ ಶನಿವಾರ ಮೆಟ್ಟಿಲ ತಲೆಯಲ್ಲಿ ನಿಂತು, "ನಿಮ್ಮ ಕಸಿನ್‌ಗೆ ನನ್ನ ನಮಸ್ಕಾರ ತಿಳಿಸಿ" ಎಂದು ಇವರಿಗೆ ಕೈ ಮುಗಿದರು. ತಿಳಿಸುತ್ತೇನೆ ಎಂದು ಇವರೂ ಕೈ ಮುಗಿದರು.

ಆ ಮೊದಲ ವರ್ಷದ ಗೌರಿ ಹಬ್ಬದ ದಿನ ಊಟಕ್ಕೆ ಕೂತಿದ್ದೆವು. ಅತ್ತೆ ಬಡಿಸುತ್ತಿದ್ದರು. ಒಬ್ಬಟ್ಟಿಗೆ ತುಪ್ಪ ಹಾಕುತ್ತಾ, ಮಗನ ಮುಖ ನೋಡದೆ, "ಮೈಸೂರಿನ ಹುಡುಗ ಹೇಗಿದಾನಂತೋ?" ಎಂದರು.

ನನ್ನ ಗಂಡನ ಕೈ ಎಲೆಯ ಮೇಲೆ ನಿಂತಿತು. ನನ್ನ ಕಡೆ ನೋಡಿದರು. ನಾನು ಉಪ್ಪಿನಕಾಯಿಯನ್ನು ನೋಡುತ್ತಿದ್ದೆ.

"ಪರವಾಗಿಲ್ಲಮ್ಮ" ಎಂದರು ಕೊನೆಗೆ. "ಸ್ವಲ್ಪ ಕಷ್ಟ ಇದೆಯಂತೆ. ಕೆಲಸಕ್ಕೆ ಹೋಗ್ತಿದಾನಂತೆ."

"ಹೋಗ್ಲಿ, ಅಷ್ಟಾದ್ರೆ ಸಾಕು" ಎಂದು ಅತ್ತೆ ಮಗನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದರು, ಅವರು ಬೇಡ ಎನ್ನುತ್ತಿದ್ದರೂ.